ವಿಕಿರಣ ಚಿಕಿತ್ಸೆಯ ಯೋಜನೆಯನ್ನು ಕಂಪ್ಯೂಟರೇ ತೀರ್ಮಾನಿಸುತ್ತದೆಯೇ?

ಪ್ರಶ್ನೆ: ಜೀವವಿಕಾಸವನ್ನು ಅನುಕರಿಸುವ ಅಲ್ಗಾರಿದಮ್‌ಗಳಿಂದ ರೇಡಿಯೇಶನ್ ಯೋಜನೆ ಸಿದ್ಧಪಡಿಸುತ್ತಾರೆಂದು ಓದಿದೆ. ಹಾಗಾದರೆ ರೋಗಿಗೆ ಎಷ್ಟು ವಿಕಿರಣ ಕೊಡಬೇಕೆಂಬುದನ್ನು ಯಂತ್ರವೇ ನಿರ್ಧರಿಸುತ್ತದೆಯೇ?

ಉತ್ತರ: ಇಲ್ಲ. ಗಡ್ಡೆಗೆ ಎಷ್ಟು ಗ್ರೇ (ದೇಹ ಹೀರಿಕೊಳ್ಳುವ ವಿಕಿರಣದ ಅಳತೆ) ತಲುಪಬೇಕು, ಪಕ್ಕದ ಅಂಗಗಳಿಗೆ ಎಷ್ಟನ್ನು ಮೀರಬಾರದು ಎಂಬುದನ್ನು ಗೊತ್ತುಮಾಡುವವರು ವೈದ್ಯರು. ಅದನ್ನು ಸಾಧಿಸುವ ದಾರಿಯನ್ನು ಹುಡುಕುವುದಷ್ಟೇ ಅಲ್ಗಾರಿದಮ್‌ನ ಕೆಲಸ.

ಆ ಹುಡುಕಾಟ ಸಣ್ಣದಲ್ಲ. ರೋಗಿಯ ಸುತ್ತ ಐದು ಡಿಗ್ರಿಗೊಂದರಂತೆ ಇರುವ 72 ದಿಕ್ಕುಗಳಲ್ಲಿ ಕಿರಣ ಹಾಯಿಸಲು ಏಳನ್ನು ಆರಿಸಬೇಕೆಂದರೆ ಸುಮಾರು 147 ಕೋಟಿ ಜೋಡಣೆಗಳಾಗುತ್ತವೆ. ಎಲ್ಲವನ್ನೂ ಲೆಕ್ಕಹಾಕಿ ನೋಡುವ ಬದಲು, ಕೆಲವು ಯೋಜನೆಗಳ ಗುಂಪೊಂದನ್ನು ಸೃಷ್ಟಿಸಿ, ಉತ್ತಮವಾದವುಗಳ ಅಂಶಗಳನ್ನು ಬೆರೆಸಿ, ಅಲ್ಲಲ್ಲಿ ಚೂರು ಬದಲಿಸಿ ಮುಂದಿನ ತಲೆಮಾರನ್ನು ಪಡೆಯಲಾಗುತ್ತದೆ. ಹೀಗೆ ಹುಟ್ಟಿ ಅಳಿಯುವುದೆಲ್ಲ ಕಂಪ್ಯೂಟರಿನೊಳಗಿನ ಯೋಜನೆಗಳೇ ಹೊರತು ರೋಗಿಯ ಮೇಲಿನ ಪ್ರಯೋಗಗಳಲ್ಲ. ‘ವಿಕಾಸ’ ಎಂಬ ಹೆಸರು ಇಲ್ಲಿ ಅನಗತ್ಯ ಭಯ ಹುಟ್ಟಿಸುತ್ತದೆ. ದಿಕ್ಕುಗಳು ನಿಶ್ಚಯವಾದ ಮೇಲೆ ಕಿರಣಗಳ ತೀವ್ರತೆಯನ್ನು ಹೊಂದಿಸಲು ಸಾಮಾನ್ಯವಾಗಿ ಈ ವಿಧಾನ ಬೇಕಿಲ್ಲ, ಹಳೆಯ ಗಣಿತದ ವಿಧಾನಗಳೇ ಹೆಚ್ಚು ವೇಗದವು.

ವಿಕಾಸವನ್ನು ಅನುಕರಿಸುವ ವಿಧಾನದ ನಿಜವಾದ ಬೆಲೆ ಕಾಣುವುದು ಬ್ರಾಕಿಥೆರಪಿಯಲ್ಲಿ, ಅಂದರೆ ವಿಕಿರಣದ ಆಕರವನ್ನು ದೇಹದೊಳಗೇ ಇರಿಸುವ ಚಿಕಿತ್ಸೆಯಲ್ಲಿ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಗ್ರಂಥಿಯೊಳಗೆ ತೂರಿಸಿದ ಟೊಳ್ಳು ನಳಿಕೆಗಳ ಮೂಲಕ ಇರಿಡಿಯಂ-192 ಎಂಬ ವಿಕಿರಣಶೀಲ ಲೋಹದ ಸಣ್ಣ ಆಕರವನ್ನು ಸಾಗಿಸಿ, ಒಂದೊಂದು ತಾಣದಲ್ಲಿ ಇಷ್ಟಿಷ್ಟು ಸೆಕೆಂಡು ನಿಲ್ಲಿಸುತ್ತಾರೆ. ಒಂದು ತಾಣದಲ್ಲಿ ಸಮಯ ಹೆಚ್ಚಿಸಿದರೆ ಗಡ್ಡೆಗೆ ಒಳ್ಳೆಯ ಪ್ರಮಾಣ ಸಿಗುತ್ತದೆ, ಆದರೆ ಮೂತ್ರನಾಳಕ್ಕೋ ಗುದನಾಳಕ್ಕೋ ಪೆಟ್ಟು ಬೀಳಬಹುದು. ನಳಿಕೆಗಳನ್ನು ಹೊತ್ತ ರೋಗಿ ಕಾಯುತ್ತಿರುವುದರಿಂದ ಇದನ್ನು ಬೇಗನೆ ಇತ್ಯರ್ಥಪಡಿಸಲೂ ಬೇಕು.

ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯ ವೈದ್ಯಕೀಯ ಕೇಂದ್ರದಲ್ಲಿ 2020ರಿಂದ ಬಳಕೆಗೆ ಬಂದ ‘ಬ್ರೈಟ್’ ಎಂಬ ವಿಧಾನ ಇದಕ್ಕೆ ಉದಾಹರಣೆ. ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನದ ಸಂಶೋಧನಾ ಸಂಸ್ಥೆಯಾದ ಸಿಡಬ್ಲ್ಯುಐ ಕೂಡ ಇದರ ಅಭಿವೃದ್ಧಿಯಲ್ಲಿ ಪಾಲುಗೊಂಡಿದೆ. ಗಡ್ಡೆಯನ್ನು ಆವರಿಸುವುದು ಮತ್ತು ಅಂಗಗಳನ್ನು ಉಳಿಸುವುದು ಎಂಬೆರಡು ಗುರಿಗಳನ್ನು ಒಂದೇ ಅಂಕಿಯಾಗಿ ಕೂಡಿಸದೆ ಬೇರೆಬೇರೆಯಾಗಿಯೇ ಇಟ್ಟುಕೊಳ್ಳುವುದರಿಂದ, ಅದು ಕೊನೆಗೆ ಕೊಡುವುದು ಒಂದು ಯೋಜನೆಯನ್ನಲ್ಲ, ಯೋಜನೆಗಳ ಸಾಲೊಂದನ್ನು. ಆ ಸಾಲಿನಲ್ಲಿ ಒಂದು ಗುರಿಯಲ್ಲಿ ತುಸು ಸೋಲದೆ ಇನ್ನೊಂದರಲ್ಲಿ ಗೆಲ್ಲಲಾಗುವುದಿಲ್ಲ.

ನಿಮ್ಮ ಪ್ರಶ್ನೆಗೆ ಸರಿಯಾದ ಜಾಗ ಇದೇ. ಮೊದಲೇ ಮೂತ್ರದ ತೊಂದರೆಯಿರುವ ರೋಗಿಗೆ ಮೂತ್ರನಾಳವನ್ನು ಹೆಚ್ಚು ಕಾಯುವ ಯೋಜನೆ ಹಿಡಿಸಬಹುದು. ಮತ್ತೊಬ್ಬರಿಗೆ ಗಡ್ಡೆಯ ಅಂಚಿನವರೆಗೂ ಪೂರ್ಣ ಪ್ರಮಾಣ ತಲುಪುವುದೇ ಮುಖ್ಯವಾಗಬಹುದು. ಸಾಲಿನಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ವೈದ್ಯರು ಮತ್ತು ವೈದ್ಯಕೀಯ ಭೌತವಿಜ್ಞಾನಿಗಳು ಪರದೆಯ ಮೇಲೆ ಹೋಲಿಸಿ ನೋಡಿ ನಿರ್ಧರಿಸುತ್ತಾರೆ.