ಒಂದು ಸೂಜಿ ಸ್ಟಿರಾಯ್ಡ್, ಹಳೆಯ ಅಂಜಿಕೆ

ಸ್ಟಿರಾಯ್ಡ್ ಎಂದರೆ ಕಲಬುರಗಿಯ ಜನ ಅಂಜುವುದಕ್ಕೆ ಕಾರಣವಿದೆ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಂಡ ಊರಿದು. ಅದೇ ಜೂನ್‌ನಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಜೀವ ಉಳಿಸುವ ಔಷಧವೆಂದು ಹೆಸರಾಯಿತು. ಮರುವರ್ಷ ಕಪ್ಪು ಶಿಲೀಂಧ್ರ ಕಾಣಿಸಿಕೊಂಡಾಗ ಅದೇ ಔಷಧದ ಮೇಲೆ ಆರೋಪ ಬಂತು. ಹೀಗಾಗಿ ಕರುಳಿನ ಕ್ಯಾನ್ಸರ್ ಗಡ್ಡೆ ತೆಗೆಯುವ ಮೊದಲು ಅರಿವಳಿಕೆ ವೈದ್ಯರು ಸ್ಟಿರಾಯ್ಡ್ ಸೂಜಿಯ ಮಾತೆತ್ತಿದರೆ, ಸಕ್ಕರೆ ಏರುವುದಿಲ್ಲವೇ, ಹೊಲಿಗೆ ಕೂಡುತ್ತದೆಯೇ ಎಂದು ಮನೆಯವರು ಕೇಳುತ್ತಾರೆ. ದಡ್ಡ ಪ್ರಶ್ನೆಯಲ್ಲ ಇದು. ಶಸ್ತ್ರವೈದ್ಯರೂ ದಶಕಗಟ್ಟಲೆ ಇದನ್ನೇ ಕೇಳಿಕೊಂಡವರು.

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟರು. ಎರಡೇ ವರ್ಷದಲ್ಲಿ ನೊಬೆಲ್ ಬಂತು. ಬೆಲೆ ತೆರಬೇಕಾದದ್ದು ಆಮೇಲೆ. ತಿಂಗಳುಗಟ್ಟಲೆ ಕಾರ್ಟಿಸೋನ್ ನುಂಗಿದ್ದ ಸಂಧಿವಾತದ ರೋಗಿಯೊಬ್ಬ ಸೊಂಟದ ಶಸ್ತ್ರಚಿಕಿತ್ಸೆಯ ಬಳಿಕ ಸತ್ತದ್ದು 1952ರಲ್ಲಿ ವರದಿಯಾಯಿತು. ಹೊರಗಿನಿಂದ ಸ್ಟಿರಾಯ್ಡ್ ಸಿಗುತ್ತಿದ್ದುದರಿಂದ ದೇಹದ ಸ್ವಂತ ಸ್ಟಿರಾಯ್ಡ್ ತಯಾರಿಸುವ, ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನೇ ಮರೆತಿತ್ತು. ಅಂಥವರಿಗೆ ಶಸ್ತ್ರಚಿಕಿತ್ಸೆಯ ದಿನ ಹೆಚ್ಚುವರಿ ಸ್ಟಿರಾಯ್ಡ್ ಕೊಡುವ ಪದ್ಧತಿ ಅಲ್ಲಿಂದ ಬೇರೂರಿತು. ಶಸ್ತ್ರಚಿಕಿತ್ಸೆಯಿಂದಾಗುವ ಉರಿಯೂತವನ್ನು ಇದರಿಂದ ತಗ್ಗಿಸುವ ಯೋಚನೆ ಬಂದದ್ದು ತಡವಾಗಿ.

ದೇಹದ ಪಾಲಿಗೆ ಚಾಕು ಎಂದರೆ ಗಾಯವೇ. ಅನ್ನನಾಳದ ಕ್ಯಾನ್ಸರ್‌ನಲ್ಲಿ ಎದೆ, ಹೊಟ್ಟೆ ಎರಡನ್ನೂ ತೆರೆಯಬೇಕಾದಾಗ ಉರಿಯೂತ ಉಕ್ಕಿ ಶ್ವಾಸಕೋಶವನ್ನೇ ಕೆಡಿಸಬಲ್ಲದು. ಜಪಾನಿನ ವೈದ್ಯರು ಮೊದಲೇ ಮಿಥೈಲ್‌ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಕೊಟ್ಟು ನೋಡಿದರು. ರಕ್ತದಲ್ಲಿ ಉರಿಯೂತ ಸಾರುವ ಇಂಟರ್‌ಲ್ಯೂಕಿನ್-6 ಇಳಿಯಿತು, ಉಸಿರಾಟದ ತೊಂದರೆಯೂ ತಗ್ಗಿತು. ಆದರೆ ಆ ಪ್ರಯೋಗಗಳು ಸಣ್ಣವು.

ಡೆಕ್ಸಾಮೆಥಾಸೋನ್ ಮಾತ್ರ ವಾಂತಿ ತಡೆಯುವ ನೆಪದಲ್ಲಿ, ಹಿತ್ತಲ ಬಾಗಿಲಿನಿಂದ ಒಳಬಂತು. ಬ್ರಿಟನ್ನಿನಲ್ಲಿ ಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ 1,350 ಮಂದಿಯ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು: 8 ಮಿಲಿಗ್ರಾಂನ ಒಂದೇ ಡೋಸ್ ಪಡೆದವರಲ್ಲಿ ಮೊದಲ ದಿನ ವಾಂತಿಯಾದವರು ಶೇ 25.5, ಪಡೆಯದವರಲ್ಲಿ ಶೇ 33. ತೊಡಕುಗಳು ಹೆಚ್ಚಲಿಲ್ಲ. 2021ರಲ್ಲಿ, ಮಧುಮೇಹಿಗಳೂ ಇದ್ದ ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳ ಇನ್ನೊಂದು ಪ್ರಯೋಗದಲ್ಲಿ ಗಾಯದ ಸೋಂಕು ಶೇ 8.1, ಔಷಧವಿಲ್ಲದವರಲ್ಲಿ ಶೇ 9.1. ಸಕ್ಕರೆ ಏರುವುದು ನಿಜ, ಆದ್ದರಿಂದ ಅದರ ಮೇಲೆ ಕಣ್ಣಿಡಬೇಕು. ಹೊಲಿದ ಕರುಳು ಸೋರುತ್ತಿದೆಯೇ ಎಂದು ತಿಳಿಯಲು ವೈದ್ಯರು ಮೂರು ನಾಲ್ಕನೆಯ ದಿನ ರಕ್ತದಲ್ಲಿ ನೋಡುವ ಉರಿಯೂತದ ಸೂಚಕ ಸಿಆರ್‌ಪಿಯನ್ನೂ ಸ್ಟಿರಾಯ್ಡ್ ಇಳಿಸುತ್ತದೆ. ಎಂದರೆ ಅಪಾಯದ ಗಂಟೆಯ ಸದ್ದೇ ಅಡಗಬಹುದು. ನನ್ನ ಮಟ್ಟಿಗೆ ಸಕ್ಕರೆಗಿಂತ ಇದೇ ಹೆಚ್ಚು ಚಿಂತೆಯ ಸಂಗತಿ. ಕ್ಯಾನ್ಸರ್ ಮರುಕಳಿಸುವುದರ ಮೇಲೆ ಇದರ ಪರಿಣಾಮವೇನು ಎಂಬ ಚರ್ಚೆಯಂತೂ ಮುಗಿದಿಲ್ಲ.

ಇನ್ನು ನಮ್ಮ ಕಡೆಯ ಮಾತು. ಸೂಜಿಗೆ ಅಂಜುವ ಮನೆಯಲ್ಲೇ ಮೊಣಕಾಲು ನೋವಿಗೆಂದು ಹೆಸರಿಲ್ಲದ ಪುಡಿ, ಗುಳಿಗೆ ಇರುತ್ತವೆ. ಅಂಥವುಗಳಲ್ಲಿ ಹಲವು ಬಾರಿ ಇರುವುದು ಸ್ಟಿರಾಯ್ಡೇ. ಕಲಬುರಗಿಯ ಕಿದ್ವಾಯಿ ಕೇಂದ್ರವಿರಲಿ, ಸೊಲ್ಲಾಪುರವಿರಲಿ, ಹೈದರಾಬಾದ್ ಇರಲಿ, ಅರಿವಳಿಕೆ ವೈದ್ಯರ ಮುಂದೆ ಸ್ಕ್ಯಾನ್ ಫಿಲ್ಮಿನ ಜೊತೆ ಆ ಪೊಟ್ಟಣವನ್ನೂ ಇಡಬೇಕು. 1952ರ ಆ ರೋಗಿಯ ಕಥೆ ಇಲ್ಲಿ ಮರುಕಳಿಸುವುದಿದ್ದರೆ ಆ ಪುಡಿಯಿಂದಲೇ.