ಮೇಸ್ತ್ರಿ ದನಿ ಏರಿಸಿದಾಗ

ರಿಪೋರ್ಟ್‌ನಲ್ಲಿ ಟಿಎಸ್‌ಎಚ್ 6.4 ಇದೆ. ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಹೈ'. ಕೆಳಗಿನ ಸಾಲಲ್ಲಿ ಫ್ರೀ ಟಿ4, ಅಂದರೆ ಥೈರಾಯ್ಡ್ ತಯಾರಿಸುವ ಹಾರ್ಮೋನ್, ಅದು ನಾರ್ಮಲ್. ಬಾರ್ಡರ್‌ಲೈನ್ ಥೈರಾಯ್ಡ್ ಅನ್ನುವುದು ಇದನ್ನೇ. ಈಗ ಮಾತ್ರೆ ಶುರು ಮಾಡಬೇಕಾ, ಬೇಡ್ವಾ?

ಟಿಎಸ್‌ಎಚ್ ಬರುವುದು ಥೈರಾಯ್ಡ್‌ನಿಂದ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಅಲ್ಲ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಅದನ್ನು ಕಳಿಸುತ್ತದೆ. ಅದು ಮೇಸ್ತ್ರಿ ಅನ್ನಿ, ಕತ್ತಿನಲ್ಲಿರುವ ಥೈರಾಯ್ಡ್ ಕೆಲಸದಾಳು. ರಕ್ತದಲ್ಲಿ ಹಾರ್ಮೋನ್ ಚೂರು ಕಮ್ಮಿಯಾದರೂ ಮೇಸ್ತ್ರಿ ದನಿ ಏರಿಸುತ್ತಾನೆ. ಆ ದನಿಯೇ ಟಿಎಸ್‌ಎಚ್. ಇವನಿಗೆ ಸಿಟ್ಟು ಬೇರೆ ಬೇಗ: ಟಿ4 ಅರ್ಧಕ್ಕಿಳಿದರೆ ಟಿಎಸ್‌ಎಚ್ ಸುಮಾರು 100 ಪಟ್ಟು ಏರಬಲ್ಲದು. ಬಾರ್ಡರ್‌ಲೈನ್ ಅಂದರೆ ಗದರಿಕೆ ಜಾಸ್ತಿಯಾಗಿದೆ, ಕೆಲಸ ಇನ್ನೂ ನಡೀತಾ ಇದೆ.

ಗದರಿಕೆಯೂ ದಿನವಿಡೀ ಒಂದೇ ಸಮ ಇರುವುದಿಲ್ಲ. ಟಿಎಸ್‌ಎಚ್ ರಾತ್ರಿ ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ದೊಡ್ಡ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಕೆಲವು ವಾರ ಸುಮ್ನೆ ಏರಿಕೊಂಡಿರಬಹುದು. ವಯಸ್ಸಾದಂತೆ ತಾನಾಗೇ ತುಸು ಮೇಲಕ್ಕೆ ಹೋಗುತ್ತದೆ. ಅದಕ್ಕೇ ಒಂದೇ ರಿಪೋರ್ಟ್ ನಂಬಿ ಮಾತ್ರೆ ಶುರು ಮಾಡುವುದು ನನಗೆ ಅವಸರ ಅನ್ನಿಸುತ್ತದೆ. ಎರಡು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಬೇಕು. ಜೊತೆಗೆ ಟಿಪಿಒ ಆ್ಯಂಟಿಬಾಡಿ ಪರೀಕ್ಷೆಯೂ ಆಗಲಿ. ದೇಹ ತನ್ನ ಥೈರಾಯ್ಡ್ ಮೇಲೆ ತಾನೇ ಮುಗಿಬಿದ್ದಿದೆಯಾ ಅನ್ನುವುದು ಅದರಲ್ಲಿ ತಿಳಿಯುತ್ತದೆ. ಇಂಗ್ಲೆಂಡಿನ ವಿಕಮ್‌ನಲ್ಲಿ ಜನರನ್ನು 20 ವರ್ಷ ಗಮನಿಸಿದರು. ಟಿಎಸ್‌ಎಚ್ ಏರಿ, ಆ್ಯಂಟಿಬಾಡಿಯೂ ಇದ್ದ ಹೆಂಗಸರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 4 ಮಂದಿಗೆ ಥೈರಾಯ್ಡ್ ಪೂರ್ತಿ ಸೋತಿತು. ಟಿಎಸ್‌ಎಚ್ ಮಾತ್ರ ಏರಿದ್ದವರಲ್ಲಿ ಅದು ಮೂರಕ್ಕಿಂತ ಕಮ್ಮಿ.

ಟಿಎಸ್‌ಎಚ್ 10 ದಾಟಿ ಅಲ್ಲೇ ನಿಂತಿದ್ದರೆ ಸಾಮಾನ್ಯವಾಗಿ ಮಾತ್ರೆ ಕೊಡುತ್ತಾರೆ. ಗರ್ಭಿಣಿಯರ ಲೆಕ್ಕವೇ ಬೇರೆ, ಅಲ್ಲಿ ಕಾಯುವ ಮಾತಿಲ್ಲ. ಗೊಂದಲ ಇರುವುದು 10ರ ಕೆಳಗೆ. 2017ರಲ್ಲಿ ಟ್ರಸ್ಟ್ ಎಂಬ ಅಧ್ಯಯನದ ಫಲಿತಾಂಶ ಬಂತು. 65 ದಾಟಿದ 737 ಜನ, ಸರಾಸರಿ ಟಿಎಸ್‌ಎಚ್ 6.4, ಮೇಲಿನ ರಿಪೋರ್ಟ್‌ನಷ್ಟೇ. ಅರ್ಧ ಜನರಿಗೆ ನಿಜವಾದ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ವರ್ಷದ ಕೊನೆಗೆ ನಿಜವಾದ ಮಾತ್ರೆ ತಗೊಂಡವರ ಟಿಎಸ್‌ಎಚ್ 3.6ಕ್ಕೆ ಇಳಿದಿತ್ತು. ಥೈರಾಯ್ಡ್ ಸೋತಾಗ ಕಾಡುವ ಸುಸ್ತು? ಎರಡೂ ಗುಂಪಲ್ಲಿ ಹೆಚ್ಚುಕಮ್ಮಿ ಒಂದೇ. ಹುಸಿ ಮಾತ್ರೆಯವರ ಟಿಎಸ್‌ಎಚ್ ಕೂಡ ತಾನಾಗೇ 5.5ಕ್ಕೆ ಬಂದಿತ್ತು, ನೋಡಿ!

ಚಿಕ್ಕ ವಯಸ್ಸಿನವರಿಗೆ ಇದನ್ನೇ ಅನ್ವಯಿಸಲಾಗದು. ಬ್ರಿಟನ್ನಿನ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿ ಹೀಗಿದೆ: 65ರ ಒಳಗಿನವರು, ಎರಡು ಸಲವೂ ಟಿಎಸ್‌ಎಚ್ ಜಾಸ್ತಿ, ಸುಸ್ತಿನಂಥ ಲಕ್ಷಣಗಳೂ ಇವೆ ಅಂದರೆ 6 ತಿಂಗಳು ಮಾತ್ರೆ ಕೊಟ್ಟು ನೋಡಬಹುದು. ಕೊಟ್ಟು ನೋಡುವುದು, ಅಷ್ಟೇ.

ಮಾತ್ರೆಯ ಹೆಸರು ಲಿವೊಥೈರಾಕ್ಸಿನ್, ಟಿ4 ಹಾರ್ಮೋನನ್ನೇ ಹೊರಗೆ ತಯಾರಿಸಿದ್ದು. ಶುರುವಿಗೆ 25 ಅಥವಾ 50 ಮೈಕ್ರೋಗ್ರಾಂ. ಒಂದು ಗ್ರಾಂ ಅನ್ನು 20,000 ಪಾಲು ಮಾಡಿದರೆ ಒಂದು ಪಾಲು 50 ಮೈಕ್ರೋಗ್ರಾಂ. ಅಂಗೈಯಲ್ಲಿ ಕಾಣುವ ಬಿಳಿ ಬಿಲ್ಲೆಯಲ್ಲಿ ಔಷಧ ಅಷ್ಟೇ, ಮಿಕ್ಕಿದ್ದೆಲ್ಲ ಅದಕ್ಕೊಂದು ಆಕಾರ ಕೊಡುವ ಪುಡಿ. ಇಷ್ಟು ಸೂಕ್ಷ್ಮವಾದ್ದರಿಂದಲೇ ಖಾಲಿ ಹೊಟ್ಟೆ, ಬರೀ ನೀರು, ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ಬೇಡ ಅನ್ನುವ ನಿಯಮ. ಕಾಫಿ ಅದನ್ನು ಪೂರ್ತಿ ಒಳಗೆ ಹೋಗಲು ಬಿಡುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರ ಬೇಕು.

ರಕ್ತಕ್ಕೆ ಸೇರಿದ ಔಷಧದಲ್ಲಿ ಅರ್ಧ ಖಾಲಿಯಾಗಲು ಸುಮಾರು ಒಂದು ವಾರ ಹಿಡಿಯುತ್ತದೆ. ಅದಕ್ಕೇ ಮುಂದಿನ ರಕ್ತ ಪರೀಕ್ಷೆ ಆರು ವಾರದ ಮೇಲೆ. ಡೋಸ್ ಜಾಸ್ತಿಯಾದರೆ ಎದೆಬಡಿತ ತಾಳ ತಪ್ಪಬಹುದು, ಮೂಳೆ ಸವೆಯಬಹುದು.

ಆರು ತಿಂಗಳಾಗಿ, ಟಿಎಸ್‌ಎಚ್ 2ಕ್ಕೆ ಬಂದು, ಸುಸ್ತು ಮಾತ್ರ ಹಾಗೇ ಇದ್ದರೆ? ಸುಸ್ತಿನ ಬೇರು ರಕ್ತಹೀನತೆಯಲ್ಲೋ ನಿದ್ದೆಗೇಡಿನಲ್ಲೋ ಇರಬಹುದು. ಆಗ ಮಾತ್ರೆ ನಿಲ್ಲಿಸುವ ವಿಚಾರವನ್ನು ಡಾಕ್ಟರ ಹತ್ತಿರ ನೀವೇ ಎತ್ತಬಹುದು.