ಸುಳ್ಳು ಸಾಕ್ಷ್ಯ: ಅಧಿಕಾರಿ ನ್ಯಾಯಾಲಯದಲ್ಲಿ ಸುಳ್ಳಾಡಿದಾಗ

‘ಸಾಕ್ಷಿ’ ಮತ್ತು ‘ಸಾಕ್ಷ್ಯ’ ಎಂಬ ಎರಡು ಪದಗಳನ್ನು ನಾವು ಮಾತಿನಲ್ಲಿ ಒಂದೇ ಎಂಬಂತೆ ಬಳಸುತ್ತೇವೆ. ಸಾಕ್ಷಿ ಎಂದರೆ ಕಣ್ಣಾರೆ ಕಂಡ ವ್ಯಕ್ತಿ. ಪದದೊಳಗೇ ‘ಅಕ್ಷಿ’ ಕುಳಿತಿದೆ. ಸಾಕ್ಷ್ಯ ಎಂದರೆ ಆ ವ್ಯಕ್ತಿ ನುಡಿದದ್ದು, ಅಥವಾ ನ್ಯಾಯಾಲಯದ ಮುಂದೆ ಹಾಜರುಪಡಿಸಿದ ಕಾಗದ, ವಸ್ತು. ಸುಳ್ಳು ನುಡಿಯುವ ಸಾಕ್ಷಿಯನ್ನು ಹಳೆಯ ಧರ್ಮಶಾಸ್ತ್ರದ ಭಾಷೆಯಲ್ಲಿ ‘ಕೂಟಸಾಕ್ಷಿ’ ಎನ್ನುತ್ತಿದ್ದರು. ಆ ಪದ ಮನುಷ್ಯನನ್ನು ಹಳಿಯುತ್ತದೆ. ಇಂದಿನ ಕಾನೂನಿನ ‘ಸುಳ್ಳು ಸಾಕ್ಷ್ಯ’ ಎಂಬ ಪದ ಕೃತ್ಯವನ್ನು ಹೆಸರಿಸುತ್ತದೆ. ಸರ್ಕಾರಿ ಅಧಿಕಾರಿಗಳ ವಿಷಯಕ್ಕೆ ಬಂದಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ. ಏಕೆಂದರೆ ಅಧಿಕಾರಿ ಬಹುಪಾಲು ಸಂದರ್ಭಗಳಲ್ಲಿ ಏನನ್ನೂ ಕಣ್ಣಾರೆ ಕಂಡಿರುವುದಿಲ್ಲ. ಆತನ ಸುಳ್ಳು ನಾಲಿಗೆಯ ಮೇಲಿಗಿಂತ ಹೆಚ್ಚಾಗಿ ಕಡತದಲ್ಲಿರುತ್ತದೆ.

1860ರ ಭಾರತೀಯ ದಂಡ ಸಂಹಿತೆಯ 191ನೇ ಸೆಕ್ಷನ್‌ನಲ್ಲಿದ್ದ ಈ ಅಪರಾಧದ ವ್ಯಾಖ್ಯೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 227ನೇ ಸೆಕ್ಷನ್ ಆಗಿ ಮುಂದುವರಿದಿದೆ. ಪ್ರಮಾಣವಚನದಿಂದಲೋ ಕಾನೂನಿನ ಸ್ಪಷ್ಟ ನಿಯಮದಿಂದಲೋ ನಿಜವನ್ನೇ ಹೇಳಲು ಬದ್ಧನಾದ ವ್ಯಕ್ತಿ, ಸುಳ್ಳಾದ ಹೇಳಿಕೆಯೊಂದನ್ನು, ಅದು ಸುಳ್ಳೆಂದು ತಿಳಿದೋ ನಂಬಿಯೋ ಅಥವಾ ನಿಜವೆಂಬ ನಂಬಿಕೆಯಿಲ್ಲದೆಯೋ ಮಾಡಿದರೆ ಅದು ಸುಳ್ಳು ಸಾಕ್ಷ್ಯ. ಹಾಗಾಗಿ ಮರೆವು ಅಪರಾಧವಲ್ಲ; ನಾಲ್ಕು ವರ್ಷಗಳ ಹಿಂದಿನ ಬಂಧನದ ಹೊತ್ತನ್ನು ತಪ್ಪಾಗಿ ಹೇಳಿದ ಪೇದೆ ಕೂಟಸಾಕ್ಷಿಯಾಗುವುದಿಲ್ಲ. ಆದರೆ ಇದೇ ಸೆಕ್ಷನ್ನಿನ ವಿವರಣೆಯೊಂದು, ತನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದೂ ತಾನು ನಂಬದ್ದನ್ನು ನಂಬುತ್ತೇನೆ ಎನ್ನುವುದೂ ಸುಳ್ಳು ಸಾಕ್ಷ್ಯವೇ ಎನ್ನುತ್ತದೆ. ಕಚೇರಿಗಳಲ್ಲಿ ನ್ಯಾಯಾಲಯಕ್ಕೆ ಸಲ್ಲಿಸುವ ಪ್ರಮಾಣಪತ್ರಗಳು (ಅಫಿಡವಿಟ್‌ಗಳು) ಸಿದ್ಧವಾಗುವ ಬಗೆಯನ್ನು ಬಲ್ಲವರಿಗೆ ಈ ವಿವರಣೆಯ ಮೊನಚು ತಿಳಿದೀತು.

ಆ ಬಗೆ ಹೀಗಿದೆ. ಹೈಕೋರ್ಟಿನಿಂದ ನೋಟಿಸು ಬಂದಾಗ ಇಲಾಖೆಯ ಗುಮಾಸ್ತರು ಅರ್ಜಿಯ ಒಂದೊಂದು ಕಂಡಿಕೆಗೂ (ಪ್ಯಾರಾಕ್ಕೂ) ಷರಾ, ಅಂದರೆ ಉತ್ತರದ ಟಿಪ್ಪಣಿ, ಬರೆಯುತ್ತಾರೆ, ಸರ್ಕಾರಿ ವಕೀಲರು ಅದನ್ನು ಆಕ್ಷೇಪಣೆಯ ರೂಪಕ್ಕೆ ತರುತ್ತಾರೆ, ಕೊನೆಗೆ ಸ್ಥಳವನ್ನೂ ಕಡತವನ್ನೂ ನೋಡದಿರಬಹುದಾದ ಅಧಿಕಾರಿಯೊಬ್ಬರು ‘ಮೇಲ್ಕಂಡದ್ದು ನನ್ನ ತಿಳಿವಳಿಕೆ ಮತ್ತು ನಂಬಿಕೆಯಂತೆ ಸತ್ಯ’ ಎಂದು ಸಹಿ ಹಾಕುತ್ತಾರೆ. ಆ ಒಂದು ಸಾಲಿನಿಂದ ಇಡೀ ಬರಹ ಅವರ ಸಾಕ್ಷ್ಯವಾಗುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಆದೇಶದ 3ನೇ ನಿಯಮದ ಪ್ರಕಾರ, ಮಧ್ಯಂತರ ಅರ್ಜಿಗಳನ್ನು ಬಿಟ್ಟರೆ, ಪ್ರಮಾಣಪತ್ರದಲ್ಲಿ ಸ್ವಂತ ತಿಳಿವಿನಿಂದ ರುಜುವಾತುಪಡಿಸಬಲ್ಲ ಸಂಗತಿಗಳು ಮಾತ್ರ ಇರಬೇಕು. ನಂಬಿಕೆಯ ಮಾತು ಬಂದಲ್ಲಿ ಆ ನಂಬಿಕೆಗೆ ಆಧಾರವೇನೆಂದು ತಿಳಿಸಬೇಕು. 1952ರಲ್ಲೇ, ಮುಂಬೈ ಸರ್ಕಾರ ಒಬ್ಬ ವ್ಯಕ್ತಿಯನ್ನು ಬಂಧನದಲ್ಲಿಟ್ಟ ಪ್ರಕರಣದಲ್ಲಿ, ಗೃಹ ಇಲಾಖೆಯ ಪರವಾಗಿ ಸಲ್ಲಿಸಿದ ಪ್ರಮಾಣಪತ್ರದ ದೃಢೀಕರಣ ದೋಷಪೂರ್ಣವಾಗಿದೆಯೆಂದು ಸುಪ್ರೀಂ ಕೋರ್ಟ್ ಎಚ್ಚರಿಸಿ, ಮಾಹಿತಿಯ ಮೂಲವನ್ನು ತಿಳಿಸಬೇಕಾದ ಅಗತ್ಯವನ್ನು ಒತ್ತಿಹೇಳಿತ್ತು. ಅಷ್ಟು ಹಳೆಯ ಎಚ್ಚರಿಕೆಯ ನಂತರವೂ ಆ ಸಿದ್ಧ ವಾಕ್ಯ ಹೆಚ್ಚೇನೂ ಬದಲಾಗಿಲ್ಲ.

ಸುಳ್ಳು ನುಡಿಯುವುದರ ಜೊತೆಗೆ ಸುಳ್ಳು ಸಾಕ್ಷ್ಯವನ್ನು ಸೃಷ್ಟಿಸುವುದನ್ನೂ ಕಾನೂನು ಪ್ರತ್ಯೇಕ ಅಪರಾಧವೆಂದು ಗುರುತಿಸಿದೆ. ಅದೀಗ 228ನೇ ಸೆಕ್ಷನ್. ನಡೆಯದ ಮಹಜರನ್ನು ನಡೆದಂತೆ ಬರೆಯುವುದು, ಠಾಣೆಯ ದಿನಚರಿಯಲ್ಲಿ ಹಿಂದಿನ ದಿನಾಂಕ ಹಾಕುವುದು, ಸ್ಥಳದಲ್ಲಿ ಇಲ್ಲದ ಪಂಚರ ಸಹಿ ಪಡೆಯುವುದು, ಇವೆಲ್ಲ ನ್ಯಾಯಾಧೀಶರನ್ನು ತಪ್ಪು ಅಭಿಪ್ರಾಯಕ್ಕೆ ತಳ್ಳುವ ಉದ್ದೇಶದಿಂದ ನಡೆದಿದ್ದರೆ ಈ ವ್ಯಾಖ್ಯೆಯೊಳಗೆ ಬರುತ್ತವೆ. ನ್ಯಾಯಾಂಗ ನಡವಳಿಯಲ್ಲಿ ಇಂಥ ಅಪರಾಧಕ್ಕೆ 7 ವರ್ಷಗಳವರೆಗೆ ಸೆರೆವಾಸವಿದೆ. ಮರಣದಂಡನೆಗೆ ಅರ್ಹವಾದ ಅಪರಾಧದಲ್ಲಿ ಒಬ್ಬನನ್ನು ಸಿಕ್ಕಿಸಲು ಸುಳ್ಳು ಸಾಕ್ಷ್ಯ ಒದಗಿಸಿದರೆ ಶಿಕ್ಷೆ ಜೀವಾವಧಿಯವರೆಗೂ ಹೋಗಬಹುದು. ಆ ಸಾಕ್ಷ್ಯದಿಂದ ನಿರಪರಾಧಿ ಗಲ್ಲಿಗೇರಿದ್ದರೆ ಸುಳ್ಳಾಡಿದವನಿಗೂ ಮರಣದಂಡನೆ ವಿಧಿಸಲು ಅವಕಾಶವಿದೆ.

ಮೈಸೂರಿನ ಸೆಷನ್ಸ್ ನ್ಯಾಯಾಲಯ 2025ರ ಏಪ್ರಿಲ್‌ನಲ್ಲಿ ತೀರ್ಮಾನಿಸಿದ ಪ್ರಕರಣ ಈ ಮಾತುಗಳಿಗೆ ಅರ್ಥ ತುಂಬುತ್ತದೆ. ಕೊಡಗಿನ ಕೂಲಿ ಕಾರ್ಮಿಕರೊಬ್ಬರ ಪತ್ನಿ ಕಾಣೆಯಾಗಿದ್ದರು. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಸಿಕ್ಕ ಅಸ್ಥಿಪಂಜರ ಆಕೆಯದೇ ಎಂದು ಹೇಳಿ, ಗಂಡನೇ ಕೊಂದನೆಂದು ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿದರು. ಆತ ಸುಮಾರು ಒಂದೂವರೆ ವರ್ಷ ಜೈಲಿನಲ್ಲಿದ್ದರು. ಡಿಎನ್‌ಎ ವರದಿ ಅಸ್ಥಿಪಂಜರ ಆಕೆಯದಲ್ಲವೆಂದಿತು. ಆದರೂ ವಿಚಾರಣೆ ನಿಲ್ಲಲಿಲ್ಲ. ಕೊನೆಗೆ ಆ ಹೆಣ್ಣುಮಗಳು ಮಡಿಕೇರಿಯ ಹೋಟೆಲೊಂದರಲ್ಲಿ ಪರಿಚಯಸ್ಥರ ಕಣ್ಣಿಗೆ ಬಿದ್ದು, ಸ್ವತಃ ನ್ಯಾಯಾಲಯಕ್ಕೆ ಹಾಜರಾದರು. ನ್ಯಾಯಾಲಯ ಆರೋಪಿಯನ್ನು ಬಿಡುಗಡೆ ಮಾಡಿ, ಗೃಹ ಇಲಾಖೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸುವುದರ ಜೊತೆಗೆ, ತನಿಖಾಧಿಕಾರಿಯ ವಿರುದ್ಧ ಸುಳ್ಳು ಸಾಕ್ಷ್ಯದ ಆರೋಪದ ಮೇಲೆ ಕ್ರಮಕ್ಕೂ ನಿರ್ದೇಶಿಸಿತು. ಇಲ್ಲಿ ಸತ್ತವರೆಂದು ದಾಖಲಾದವರೇ ಎದ್ದು ಬಂದು ಸಾಕ್ಷಿಯಾದರು. ಅಂಥ ಭಾಗ್ಯ ಎಷ್ಟು ಆರೋಪಿಗಳಿಗಿದ್ದೀತು?

‘ಕ್ರಮಕ್ಕೆ ನಿರ್ದೇಶನ’ ಎಂಬ ಮಾತು ಬಳಕೆಯಾದದ್ದಕ್ಕೆ ಕಾರಣವಿದೆ. ಸುಳ್ಳು ಸಾಕ್ಷ್ಯದಿಂದ ನೊಂದವರು ಪೊಲೀಸ್ ಠಾಣೆಗೆ ದೂರು ಕೊಟ್ಟೋ ಮ್ಯಾಜಿಸ್ಟ್ರೇಟರಿಗೆ ಖಾಸಗಿ ದೂರು ಸಲ್ಲಿಸಿಯೋ ಮೊಕದ್ದಮೆ ನಡೆಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 215ನೇ ಸೆಕ್ಷನ್, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 195, ಆ ದಾರಿಯನ್ನು ಮುಚ್ಚಿ, ಸುಳ್ಳು ಯಾವ ನ್ಯಾಯಾಲಯದ ನಡವಳಿಯಲ್ಲಿ ನಡೆಯಿತೋ ಅದು ಅಥವಾ ಅದರ ಮೇಲಿನ ನ್ಯಾಯಾಲಯವೇ ಲಿಖಿತ ದೂರು ಕೊಡಬೇಕೆನ್ನುತ್ತದೆ. ಆ ದೂರಿನ ವಿಧಾನ 379ನೇ ಸೆಕ್ಷನ್ನಿನಲ್ಲಿದೆ. ಹಳೆಯ ಸಂಹಿತೆಯಲ್ಲಿ ಅದು 340ನೇ ಸೆಕ್ಷನ್ ಆಗಿದ್ದರಿಂದ ವಕೀಲರ ಬಾಯಲ್ಲಿ ಅದಕ್ಕೆ ಇಂದಿಗೂ ‘340 ಅರ್ಜಿ’ ಎಂದೇ ಹೆಸರು. ಸೋತ ಕಕ್ಷಿದಾರರೆಲ್ಲ ಗೆದ್ದವರ ಸಾಕ್ಷಿಗಳ ಮೇಲೆ ಸೇಡಿನ ಮೊಕದ್ದಮೆ ಹೂಡದಿರಲಿ, ಸಾಕ್ಷಿಗಳು ಕಟಕಟೆ ಹತ್ತಲು ಹೆದರದಿರಲಿ ಎಂಬುದು ಈ ಬೇಲಿಯ ಉದ್ದೇಶ. ಉದ್ದೇಶ ಸರಿಯಾದದ್ದೇ. ಆದರೆ ಬಡ ಸಾಕ್ಷಿಯನ್ನು ಕಾಯಲು ಹಾಕಿದ ಬೇಲಿಯ ಹಿಂದೆ ಅಧಿಕಾರಿಗೂ ಅಷ್ಟೇ ಭದ್ರವಾದ ಜಾಗ ಸಿಕ್ಕಿದೆ.

ಬೇಲಿ ಎಷ್ಟು ಬಿಗಿಯೆಂಬುದನ್ನು ಹರಿಯಾಣದ ಒಂದು ಪ್ರಕರಣ ತೋರಿಸುತ್ತದೆ. ಅಪ್ರಾಪ್ತ ವಯಸ್ಸಿನವರನ್ನು ಪೊಲೀಸರು ಅಕ್ರಮವಾಗಿ ಕೂಡಿಹಾಕಿದ್ದಾರೆಂಬ ಅರ್ಜಿಗೆ ಉತ್ತರವಾಗಿ ಪೊಲೀಸ್ ಸೂಪರಿಂಟೆಂಡೆಂಟರೊಬ್ಬರು ಸುಪ್ರೀಂ ಕೋರ್ಟಿಗೇ ಸುಳ್ಳು ಪ್ರಮಾಣಪತ್ರ ಸಲ್ಲಿಸಿದರೆಂದು ಕಂಡುಬಂದಾಗ, ನ್ಯಾಯಾಲಯ ಅವರನ್ನು ನ್ಯಾಯಾಂಗ ನಿಂದನೆಗಷ್ಟೇ ಅಲ್ಲದೆ ಸುಳ್ಳು ಸಾಕ್ಷ್ಯಕ್ಕೂ ನೇರವಾಗಿ ಶಿಕ್ಷಿಸಿತು. ಕೆಲವೇ ವರ್ಷಗಳಲ್ಲಿ, 1999ರಲ್ಲಿ, ಅದೇ ಸುಪ್ರೀಂ ಕೋರ್ಟ್ ಸುಳ್ಳು ಸಾಕ್ಷ್ಯದ ಶಿಕ್ಷೆಯನ್ನು ಹಿಂದಕ್ಕೆ ಪಡೆಯಿತು. 195 ಮತ್ತು 340ನೇ ಸೆಕ್ಷನ್‌ಗಳ ವಿಧಾನವನ್ನು ಅನುಸರಿಸದೆ ಶಿಕ್ಷೆ ವಿಧಿಸುವಂತಿಲ್ಲ ಎಂಬುದು ಕಾರಣ. ಆರೋಪಿಗೆ ಸಿಗಬೇಕಾದ ಕ್ರಮಬದ್ಧ ವಿಚಾರಣೆ ಸುಳ್ಳಾಡಿದವನಿಗೂ ಸಿಗಬೇಕೆಂಬ ಈ ನಿಲುವನ್ನು ತಪ್ಪೆನ್ನಲಾಗದು.

ತಮಿಳುನಾಡಿನ ಪೊಲ್ಲಾಚಿಯಿಂದ ಬಂದ, 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣ ಇನ್ನೊಂದು ಬದಿಯನ್ನು ತೋರಿಸುತ್ತದೆ. ಮಹಿಳೆಯೊಬ್ಬರು ಗರ್ಭಿಣಿಯಲ್ಲವೆಂದು ವೈದ್ಯಕೀಯ ವರದಿ ಹೇಳಿದ್ದರೂ, ಆರೋಪಿಯಿಂದ ಆಕೆ ಗರ್ಭಿಣಿಯಾದರೆಂದು ಸಬ್‌ಇನ್‌ಸ್ಪೆಕ್ಟರ್ ದೋಷಾರೋಪ ಪಟ್ಟಿಯಲ್ಲಿ ಬರೆದಿದ್ದರು. ಬಿಡುಗಡೆಯಾದ ಆರೋಪಿ ದೂರು ತಂದಾಗ ಮ್ಯಾಜಿಸ್ಟ್ರೇಟರು 195ನೇ ಸೆಕ್ಷನ್ನಿನ ತಡೆಯನ್ನು ತೋರಿಸಿ ವಜಾ ಮಾಡಿದರು, ಹೈಕೋರ್ಟೂ ಕೈಚೆಲ್ಲಿತು. ದೂರು ಕೊಡುವ ಅಧಿಕಾರ ಇರುವುದು ನ್ಯಾಯಾಲಯಕ್ಕೇ ಆದಮೇಲೆ ಅದನ್ನು ಬಳಸುವ ವಿಷಯವನ್ನು ಪರಿಶೀಲಿಸದೆ ಬಾಗಿಲು ಮುಚ್ಚುವಂತಿಲ್ಲ ಎಂಬ ನಿಲುವಿನಿಂದ ಸುಪ್ರೀಂ ಕೋರ್ಟ್ ವಿಷಯವನ್ನು ಹೈಕೋರ್ಟಿಗೆ ಮರಳಿಸಿತು.

ಸುಳ್ಳು ಕಂಡೊಡನೆ ದೂರು ಕೊಡಲೇಬೇಕೆಂಬ ಕಡ್ಡಾಯವಿಲ್ಲ. ಸುಳ್ಳು ಉದ್ದೇಶಪೂರ್ವಕವಾಗಿರಬೇಕು, ಶಿಕ್ಷೆಯಾಗುವ ಸಂಭವ ಸಾಕಷ್ಟಿರಬೇಕು ಎಂದು 1971ರಲ್ಲೂ, ದೂರು ನ್ಯಾಯದ ಹಿತಕ್ಕೆ ಅಗತ್ಯವೆನಿಸಬೇಕು ಎಂದು 2005ರಲ್ಲಿ ಸಂವಿಧಾನ ಪೀಠದ ಮೂಲಕವೂ ಸುಪ್ರೀಂ ಕೋರ್ಟ್ ಹೇಳಿದೆ. ದೂರು ಕೊಡುವ ಮೊದಲು ಪ್ರಾಥಮಿಕ ವಿಚಾರಣೆ ಕಡ್ಡಾಯವಲ್ಲ, ಆ ಹಂತದಲ್ಲಿ ಎದುರಾಳಿಯ ಅಹವಾಲು ಕೇಳಬೇಕಾಗಿಯೂ ಇಲ್ಲ ಎಂದು 2022ರಲ್ಲಿ ಸ್ಪಷ್ಟವಾಯಿತು. ತಮ್ಮ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ವಾದವನ್ನು ಅಧಿಕಾರಿಗಳು ಎತ್ತುವುದುಂಟು. ಸುಳ್ಳು ದಾಖಲೆ ಸೃಷ್ಟಿಸುವುದು ಕರ್ತವ್ಯದ ಭಾಗವಲ್ಲ ಎಂಬುದು ಅದಕ್ಕೆ ನ್ಯಾಯಾಲಯಗಳು ಕೊಟ್ಟಿರುವ ಉತ್ತರ. ನ್ಯಾಯಾಂಗ ನಿಂದನೆಯ ದಾರಿ ಚುರುಕಾದದ್ದು, 1995ರಲ್ಲಿ ಸುಳ್ಳು ಪ್ರಮಾಣಪತ್ರ ಸಲ್ಲಿಸಿದ ಪೊಲೀಸರನ್ನು ಸುಪ್ರೀಂ ಕೋರ್ಟ್ ಹೀಗೆಯೇ ಶಿಕ್ಷಿಸಿತ್ತು. ಆದರೆ 1971ರ ಕಾಯ್ದೆಯಲ್ಲಿ ಅದಕ್ಕಿರುವ ಗರಿಷ್ಠ ಸೆರೆವಾಸ 6 ತಿಂಗಳು, ಮತ್ತು ಕ್ಷಮಾಪಣೆ ನ್ಯಾಯಾಲಯಕ್ಕೆ ಒಪ್ಪಿಗೆಯಾದರೆ ಅದೂ ತಪ್ಪುತ್ತದೆ.

ನನ್ನ ದೃಷ್ಟಿಯಲ್ಲಿ ತೊಡಕು ಇರುವುದು ಶಿಕ್ಷೆಯ ಪ್ರಮಾಣದಲ್ಲಲ್ಲ, ಮೊದಲ ಹೆಜ್ಜೆಯಲ್ಲಿ. ಆರೋಪಿ ಬಿಡುಗಡೆಯಾದಾಗ ತೀರ್ಪಿನಲ್ಲಿ ‘ತನಿಖಾಧಿಕಾರಿಯ ಸಾಕ್ಷ್ಯ ನಂಬಲರ್ಹವಲ್ಲ’ ಎಂಬ ಸಾಲು ಬರುತ್ತದೆ. ನಂಬಲರ್ಹವಲ್ಲ ಎಂಬುದಕ್ಕೂ ಸುಳ್ಳು ಎಂಬುದಕ್ಕೂ ಕಾನೂನಿನಲ್ಲಿ ಬಹಳ ಅಂತರವಿದೆ. ಮೊದಲನೆಯದು ಸಂಶಯದ ಲಾಭ, ಎರಡನೆಯದು ಮೊಕದ್ದಮೆಯ ಬುನಾದಿ. ಯಾವ ಹೇಳಿಕೆ, ಯಾವ ದಾಖಲೆಗೆ ವಿರುದ್ಧ, ಅಧಿಕಾರಿಗೆ ಅದು ಸುಳ್ಳೆಂದು ಗೊತ್ತಿತ್ತೆಂಬುದಕ್ಕೆ ಏನು ಆಧಾರ ಎಂಬ ಮೂರು ಮಾತುಗಳು ಪಾಟಿಸವಾಲಿನಲ್ಲಿ ದಾಖಲಾಗದಿದ್ದರೆ 379ರ ಅರ್ಜಿ ನಿಲ್ಲುವುದು ಕಷ್ಟ. ನ್ಯಾಯಾಲಯ ಈ ಅಧಿಕಾರವನ್ನು ಅರ್ಜಿಯ ಮೇಲೂ ಚಲಾಯಿಸಬಹುದು, ತಾನಾಗಿಯೂ ಚಲಾಯಿಸಬಹುದು. ದೂರು ಕೊಡಲು ನಿರಾಕರಿಸಿದರೆ ಅರ್ಜಿದಾರರು 380ನೇ ಸೆಕ್ಷನ್ನಿನಡಿ ಮೇಲಿನ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು.